ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ಯಾವ ಸಹಾಯ? ಮಂಗಳೂರು, ಉಡುಪಿಯ ಪೋಷಕರಿಗೊಂದು ಹೋಲಿಕೆ

ಅರ್ಧವಾರ್ಷಿಕ ಪರೀಕ್ಷೆಯ ಅಂಕ ಕೈಗೆ ಬಂದ ಕೂಡಲೇ ಎಷ್ಟೋ ಮನೆಗಳಲ್ಲಿ ಒಂದೇ ತೀರ್ಮಾನ: ಟ್ಯೂಷನ್‌ಗೆ ಹಾಕುವುದು. ಕೆಲವು ತಿಂಗಳು ಬಿಟ್ಟು ನೋಡಿದರೆ ಏನೂ ಬದಲಾಗಿರುವುದಿಲ್ಲ. ಆಗ ಬೇರೆ ಟ್ಯೂಷನ್. ಅದೂ ಆಗದಿದ್ದರೆ ಬೇರೆ ಶಾಲೆ, ಬೇರೆ ಬೋರ್ಡ್, ಇಲ್ಲವೇ ಹಾಸ್ಟೆಲ್. ನಮ್ಮ ಎರಡು ಜಿಲ್ಲೆಗಳಲ್ಲಿ ಈ ಒತ್ತಡ ಸ್ವಲ್ಪ ಜಾಸ್ತಿಯೇ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಊರಿನ ಮಕ್ಕಳೆಲ್ಲ ಚೆನ್ನಾಗಿ ಓದುತ್ತಾರೆ ಎಂಬ ಮಾತಿನ ನಡುವೆ, ಓದಲಾಗದ ಮಗುವಿನ ಮನೆಯವರು ಬಾಯಿಬಿಟ್ಟು ಹೇಳಲಿಕ್ಕೂ ಹಿಂಜರಿಯುತ್ತಾರೆ.

ಓದು, ಬರಹ, ಲೆಕ್ಕದಲ್ಲಿ ಕಷ್ಟಪಡುವ ಮಕ್ಕಳ ಪಕ್ಕದಲ್ಲಿ ಕೂತು ಕಲಿಸುವುದು ನನ್ನ ಕೆಲಸ. ಬರುವ ತಂದೆತಾಯಿ ಕೇಳುವ ಮೊದಲ ಪ್ರಶ್ನೆ, "ಯಾವುದು ಒಳ್ಳೆಯದು ಟೀಚರ್, ಟ್ಯೂಷನ್ ಸಾಕಾ, ಡಾಕ್ಟರ್ ಹತ್ತಿರ ಹೋಗಬೇಕಾ?" ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಗೊತ್ತಾಗದೆ ಇದಕ್ಕೆ ಉತ್ತರ ಇಲ್ಲ. ಒಂದು ಮಗುವಿಗೆ ಟ್ಯೂಷನ್ ಸಾಕು. ಇನ್ನೊಂದು ಮಗುವಿಗೆ ಅದೇ ಟ್ಯೂಷನ್ ದಿನಕ್ಕೆ ಎರಡು ಗಂಟೆಯ ಶಿಕ್ಷೆ. ಹಾಗಾಗಿ ಮೊದಲು ಮನೆಯಲ್ಲೇ ಮಾಡಬಹುದಾದ ಒಂದಿಷ್ಟು ಪರೀಕ್ಷೆ, ಆಮೇಲೆ ಹೋಲಿಕೆ.

ಮೊದಲು ಕಣ್ಣು, ಕಿವಿ, ಆಮೇಲೆ ಪುಸ್ತಕ

ಕಣ್ಣಿನ ತಪಾಸಣೆ ಮಾಡಿಸಿ. ಇದನ್ನು ಬಹಳ ಮಂದಿ ಮಾಡಿಸುತ್ತಾರೆ. ಕಿವಿಯನ್ನು ಮರೆತುಬಿಡುತ್ತಾರೆ. ನಮ್ಮ ಕಡೆ ಜೂನ್‌ನಲ್ಲಿ ಶಾಲೆಯೂ ಮಳೆಯೂ ಒಟ್ಟಿಗೇ ಶುರು. ತಿಂಗಳುಗಟ್ಟಲೆ ನೆಗಡಿ, ಅದು ಕಿವಿಗೆ ಇಳಿದು ಒಳಗೆ ನೀರು ತುಂಬಿದರೆ ಮಗುವಿಗೆ ಮಾತು ಮಸುಕಾಗಿ ಕೇಳುತ್ತದೆ. ನೋವಿಲ್ಲದ ಕಾರಣ ಅದು ಹೇಳುವುದೂ ಇಲ್ಲ. ಹಿಂದಿನ ಬೆಂಚಿನಲ್ಲಿ ಕೂತ ಅಂಥ ಮಗುವಿಗೆ 'ಗಮನ ಇಲ್ಲ' ಎಂಬ ಹೆಸರು ಬರುತ್ತದೆ. ರಕ್ತಹೀನತೆ, ಸರಿಯಾದ ನಿದ್ದೆ ಇಲ್ಲದಿರುವುದು, ಕೆಲವು ಸೆಕೆಂಡು ಸುಮ್ನೆ ಶೂನ್ಯದಲ್ಲಿ ನೋಡುತ್ತ ನಿಂತುಬಿಡುವ ಫಿಟ್ಸ್, ಇವನ್ನೆಲ್ಲ ಮಕ್ಕಳ ಡಾಕ್ಟರು ಒಂದು ಭೇಟಿಯಲ್ಲೇ ವಿಚಾರಿಸಬಹುದು.

ಇವೆಲ್ಲ ಸರಿಯಿದ್ದರೆ ಪುಸ್ತಕಕ್ಕೆ ಬನ್ನಿ. ಮಗುವಿನ ಈಗಿನ ತರಗತಿಯ ಪುಸ್ತಕ ಬೇಡ. ಎರಡು ತರಗತಿ ಕೆಳಗಿನದು ತೆಗೆದುಕೊಳ್ಳಿ, ಅದೂ ಮಗು ಮೊದಲು ಓದಿರದ ಪಾಠ. ರಾಜ್ಯದ ಪಠ್ಯಪುಸ್ತಕಗಳು ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಪುಟ ಜೋರಾಗಿ ಓದಲಿ. ನಡುವೆ ತಿದ್ದಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ.

ನಾಲ್ಕನೇ ತರಗತಿಯ ಒಬ್ಬ ಹುಡುಗನ ಮುಂದೆ 'ಅಜ್ಜಿ ಹಟ್ಟಿಗೆ ಹೋಗಿ ದನಕ್ಕೆ ಹುಲ್ಲು ಹಾಕಿದರು' ಎಂಬ ಸಾಲು ಇತ್ತು. ಅವನು ಓದಿದ್ದು ಹೀಗೆ: "ಅಜಿ... ಅಜ್ಜ... ಹಟಿ... ಹಟಿಗೆ ಹೋಗಿ ದನ... ದನ ಹುಲು... ಹಾಕಿದಳು." ಒತ್ತಕ್ಷರ ಬಂದಲ್ಲೆಲ್ಲ ಬೆರಳು ನಿಂತಿತು. ಕೊನೆಯ ಪದವನ್ನು ಓದಲಿಲ್ಲ, ಊಹಿಸಿದ. ಸಾಲು ಮುಗಿಯುವ ಹೊತ್ತಿಗೆ ಶುರುವಿನಲ್ಲಿ ಯಾರಿದ್ದರು ಎಂಬುದೇ ಮರೆತಿತ್ತು. ಅದೇ ಪುಟವನ್ನು ನಾನು ಓದಿ ಹೇಳಿದೆ. ಕೇಳಿದ ಪ್ರಶ್ನೆಗೆಲ್ಲ ಥಟ್ ಅಂತ ಉತ್ತರ. ಅಜ್ಜಿ ಯಾಕೆ ಅವಸರ ಮಾಡಿದರು ಎಂದು ತನ್ನದೇ ಕಾರಣವನ್ನೂ ಸೇರಿಸಿದ. ಅವನ ಅಮ್ಮ ಹೇಳಿದ್ದು ಅಕ್ಷರಶಃ ನಿಜ: "ಬಾಯಲ್ಲಿ ಕೇಳಿದ್ರೆ ಎಲ್ಲ ಬರ್ತದೆ ಟೀಚರ್, ಬರೀಲಿಕ್ಕೆ ಕೂತ್ರೆ ಮಾತ್ರ ಆಗುವುದಿಲ್ಲ." ಬುದ್ಧಿ ಇದೆ, ಅಕ್ಷರದಿಂದ ಪದಕ್ಕೆ ಹೋಗುವ ದಾರಿ ಮುಚ್ಚಿದೆ. ಇಂಥ ಮಗುವಿನಲ್ಲಿ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಇದ್ದೂ ಓದು ಬರಹ ಮಾತ್ರ ಹತ್ತದ ಕಲಿಕಾ ತೊಂದರೆ, ಇರಬಹುದೇ ಎಂದು ನೋಡಬೇಕು.

ಇನ್ನೊಂದು ಮಗು ಇಂಗ್ಲಿಷ್ ಪಾಠವನ್ನು ಗಡಗಡ ಓದುತ್ತದೆ, ಏನು ಓದಿದೆ ಎಂದು ಕೇಳಿದರೆ ಮುಖ ನೋಡುತ್ತದೆ. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ. ಅಂಗಳದಲ್ಲಿ ಕನ್ನಡ. ಶಾಲೆಯಲ್ಲಿ ಇಂಗ್ಲಿಷ್, ಅದರ ಮೇಲೆ ಹಿಂದಿ. ಈ ಮಗುವಿಗೆ ಮನೆಮಾತಿನಲ್ಲೇ ಒಂದು ಕತೆ ಹೇಳಲು ಬಿಡಿ. ನಿನ್ನೆ ಕೋಲದಲ್ಲಿ ಏನಾಯಿತು, ಸಮುದ್ರ ಬದಿಯಲ್ಲಿ ಏನು ನೋಡಿದೆ, ಏನಾದರೂ ಸರಿ. ಮೊದಲು ಯಾವುದು, ಆಮೇಲೆ ಯಾವುದು ಎಂದು ತಪ್ಪದೆ ಹೇಳಿದರೆ ಅದರ ತೊಂದರೆ ಭಾಷೆಯದ್ದು, ಕಲಿಕೆಯದ್ದಲ್ಲ. ಮನೆಮಾತಿನಲ್ಲೂ ಕತೆ ಜೋಡಿಸಲಾಗದಿದ್ದರೆ, ಮಾತೇ ತಡವಾಗಿ ಬಂದಿದ್ದರೆ, ಆಗ ಸ್ಪೀಚ್ ಥೆರಪಿಸ್ಟರನ್ನು ನೋಡಬೇಕಾಗುತ್ತದೆ.

ಲೆಕ್ಕದಲ್ಲೂ ಹೀಗೆಯೇ. 'ಮುನ್ನೂರ ನಾಲ್ಕು' ಬರೆ ಎಂದರೆ 3004 ಎಂದು ಬರೆಯುವ ಐದನೇ ತರಗತಿಯ ಮಗುವಿಗೆ ಮಗ್ಗಿ ಉರು ಹೊಡೆಸಿ ಪ್ರಯೋಜನ ಇಲ್ಲ. ಸ್ಥಾನಬೆಲೆ ಎಂಬ ತಳಪಾಯವೇ ಅಲ್ಲಿ ಕೂತಿಲ್ಲ.

ಒಂದು ಮಾತು ಕನ್ನಡ ಲಿಪಿಯ ಬಗ್ಗೆ. ಇಂಗ್ಲಿಷಿನಲ್ಲಿ 26 ಅಕ್ಷರ ಬಂದರೆ ಮುಗಿಯಿತು. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡದ ಮಕ್ಕಳ ಓದಿನ ಮೇಲೆ ಸೋನಾಲಿ ನಾಗ್ ಮಾಡಿದ ಸಂಶೋಧನೆ, ಈ ಅಕ್ಷರ ಕಲಿಕೆ ಪ್ರಾಥಮಿಕ ಶಾಲೆಯ ಹಲವು ವರ್ಷ ಹಿಡಿಯುತ್ತದೆ ಎಂದು ತೋರಿಸಿದೆ. ಹಾಗಾಗಿ ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಗಾಬರಿ ಬೇಡ. ಮಹಾಪ್ರಾಣ ಬಿಟ್ಟು ಬರೆಯುವುದು, ಅ-ಹ ಅದಲು ಬದಲು ಮಾಡುವುದು ಮಾತಿನಿಂದ ಬರುವ ತಪ್ಪು, ದೊಡ್ಡವರೂ ಮಾಡುತ್ತಾರೆ. ಮೂರನೇ ತರಗತಿ ಮುಗಿಯುತ್ತ ಬಂದರೂ ಸರಳ ಪದಗಳನ್ನೇ ಬಿಡಿಸಿ ಬಿಡಿಸಿ ಓದುವುದು, ಹ್ರಸ್ವ-ದೀರ್ಘದ ವ್ಯತ್ಯಾಸವೇ ಕೇಳಿಸದಿರುವುದು, ಪ-ವ-ಷ ಗುರುತು ಸಿಗದಿರುವುದು, ನೋಡಿ ಬರೆಯುವಾಗಲೂ ಅಕ್ಷರ ಬಿಡುವುದು, ಇವು ಒಟ್ಟಿಗೇ ಕಂಡರೆ ಕಾಯಬಾರದು.

ಟ್ಯೂಷನ್ ಮತ್ತು ವಿಶೇಷ ಶಿಕ್ಷಕಿ

ನಿಜವಾದ ಆಯ್ಕೆ ಬಹುಪಾಲು ಮನೆಗಳಲ್ಲಿ ಟ್ಯೂಷನ್ ಮತ್ತು ಕಲಿಕೆಯಲ್ಲಿ ಕಷ್ಟಪಡುವ ಮಕ್ಕಳಿಗೆ ಕಲಿಸಲೆಂದೇ ತರಬೇತಿ ಪಡೆದ ವಿಶೇಷ ಶಿಕ್ಷಕಿ, ಈ ಎರಡರ ನಡುವೆ ಇರುವುದು.

ಟ್ಯೂಷನ್ ಹತ್ತಿರದಲ್ಲೇ ಇರುತ್ತದೆ, ಫೀಸು ಕಡಿಮೆ, ಪಕ್ಕದ ಮನೆಯ ಮಗುವೂ ಹೋಗುತ್ತದೆ. ಯಾರೂ ಏನೂ ಕೇಳುವುದಿಲ್ಲ. ಮಗು ಜಾಂಡಿಸ್ ಬಂದು ಒಂದೆರಡು ತಿಂಗಳು ಶಾಲೆ ತಪ್ಪಿಸಿಕೊಂಡಿದ್ದರೆ, ಗಲ್ಫ್‌ನಿಂದಲೋ ಮುಂಬೈಯಿಂದಲೋ ಬಂದು ಕನ್ನಡ ಹೊಸದಾಗಿ ಕಲಿಯಬೇಕಿದ್ದರೆ, ಮನೆಯಲ್ಲಿ ಜೊತೆಗೆ ಕೂರುವವರು ಇಲ್ಲದಿದ್ದರೆ, ಟ್ಯೂಷನ್ ಖಂಡಿತ ಒಳ್ಳೆಯದು. ಇಂಗ್ಲಿಷ್ ಮಾಧ್ಯಮದಲ್ಲಿ ಭಾಷೆ ಸಾಲದೆ ಹಿಂದುಳಿದ ಮಗುವಿಗೂ, ಪಾಠವನ್ನು ಮನೆಮಾತಿನಲ್ಲಿ ವಿವರಿಸುವ ಒಬ್ಬ ಟೀಚರ್ ಸಿಕ್ಕಿದರೆ ಬಹಳ ಉಪಕಾರ.

ಓದಲು ಬಾರದ ಮಗುವಿಗೆ ಮಾತ್ರ ಇದು ಆಗುವುದಿಲ್ಲ. ಹತ್ತು ಹದಿನೈದು ಮಕ್ಕಳಿರುವ ಟ್ಯೂಷನ್‌ನಲ್ಲಿ ನಡೆಯುವುದು ಹೋಂವರ್ಕ್ ಮುಗಿಸುವುದು ಮತ್ತು ಪ್ರಶ್ನೋತ್ತರ ಬಾಯಿಪಾಠ. ಐದನೇ ತರಗತಿಯ ವಿಜ್ಞಾನದ ಉತ್ತರವನ್ನು ಎರಡನೇ ತರಗತಿಯ ಮಟ್ಟದಲ್ಲಿ ಓದುವ ಮಗು ಬಾಯಿಪಾಠ ಮಾಡುತ್ತದೆ, ಪರೀಕ್ಷೆಯಲ್ಲಿ ಒಂದು ಪದ ತಪ್ಪಿದರೆ ಇಡೀ ಉತ್ತರ ಮರೆಯುತ್ತದೆ. ಎಷ್ಟೋ ವರ್ಷ ಹೀಗೆ ತಳ್ಳಿಕೊಂಡು ಬಂದ ಮಕ್ಕಳು ಎಂಟನೇ ತರಗತಿಯಲ್ಲಿ ಪೂರ್ತಿ ಕುಸಿಯುತ್ತಾರೆ. ಅಷ್ಟು ಹೊತ್ತಿಗೆ 'ನನಗೆ ತಲೆಗೆ ಹೋಗುವುದಿಲ್ಲ' ಎಂದು ಮಗುವೇ ನಂಬಿರುತ್ತದೆ. ನನಗೆ ಹೆಚ್ಚು ಸಂಕಟ ಆಗುವುದು ಇದಕ್ಕೆ.

ವಿಶೇಷ ಶಿಕ್ಷಕಿ ಹಿಂದಕ್ಕೆ ಹೋಗುತ್ತಾರೆ. ತರಗತಿಯ ಪಾಠವನ್ನು ಬದಿಗಿಟ್ಟು, ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಶುರು ಮಾಡುತ್ತಾರೆ. ಮುಕ್ಕಾಲು ಗಂಟೆಯ ಒಂದು ಕ್ಲಾಸಿನಲ್ಲಿ ಮೊದಲು ಬರೀ ಕಿವಿಯ ಕೆಲಸ: 'ಹುಲ್ಲು' ಮತ್ತು 'ಹುಲು' ಎರಡನ್ನೂ ಹೇಳಿ, ಎಲ್ಲಿ ಗಟ್ಟಿಯಾಗಿ ತಡೆದ ಹಾಗೆ ಕೇಳಿತು ಎಂದು ಚಪ್ಪಾಳೆ ತಟ್ಟಿಸುವುದು. ಆಮೇಲೆ ಒಂದೇ ಒಂದು ಒತ್ತು, ಉದಾಹರಣೆಗೆ ಲ-ವೊತ್ತು. ಕಲ್ಲು, ಹಲ್ಲಿ, ಬೆಲ್ಲ, ಇಲ್ಲ. ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಬರೆಯುತ್ತ, ಬಾಯಲ್ಲಿ ಹೇಳುತ್ತ, ಕಣ್ಣಲ್ಲಿ ನೋಡುತ್ತ. ಕೊನೆಗೆ ಅವೇ ಪದಗಳಿರುವ ನಾಲ್ಕು ಸಾಲಿನ ಓದು. ಮಗು ತಪ್ಪದೆ ಓದಿ ಮುಗಿಸುವಂಥ ನಾಲ್ಕು ಸಾಲು. ಹೊರಗಿನಿಂದ ನೋಡಿದವರಿಗೆ 'ಇಷ್ಟೇನಾ?' ಅನಿಸುತ್ತದೆ. ಆದರೆ ಮುಂದಿನ ವಾರ ಆ ಒತ್ತು ಎಲ್ಲೇ ಬಂದರೂ ಬೆರಳು ನಿಲ್ಲುವುದಿಲ್ಲ.

ತೊಂದರೆಗಳೂ ಇವೆ. ಫೀಸು ಪ್ರತಿ ಕ್ಲಾಸಿಗೆ ಲೆಕ್ಕ, ವಾರಕ್ಕೆ ಎರಡು ಮೂರು ಸಲ ಬೇಕು, ತಿಂಗಳಿಗೆ ಕೂಡಿದರೆ ಟ್ಯೂಷನ್‌ಗಿಂತ ಎಷ್ಟೋ ಹೆಚ್ಚು. ಮಂಗಳೂರು, ಮಣಿಪಾಲ, ಉಡುಪಿ ಪೇಟೆಯಲ್ಲಿ ಸಿಗುತ್ತಾರೆ. ಬೈಂದೂರು, ಸುಳ್ಯ, ಕಾರ್ಕಳದ ಒಳಗಿನ ಊರುಗಳಿಂದ ಬರುವವರಿಗೆ ಬಸ್ಸಿನಲ್ಲೇ ಅರ್ಧ ದಿನ. ಇನ್ನೊಂದು, ಇಂಗ್ಲಿಷ್ ಓದು ಕಲಿಸುವವರು ಸಿಕ್ಕಷ್ಟು ಸುಲಭವಾಗಿ ಕನ್ನಡದಲ್ಲಿ ಕಲಿಸಬಲ್ಲವರು ಸಿಗುವುದಿಲ್ಲ.

ಸೇರಿಸುವ ಮೊದಲು ಕೇಳಲೇಬೇಕಾದ್ದು: ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇದೆಯೇ? ಮಗು ಈಗ ಯಾವ ಮಟ್ಟದಲ್ಲಿದೆ, ಮೂರು ತಿಂಗಳಲ್ಲಿ ಎಲ್ಲಿಗೆ ತರುವ ಯೋಚನೆ ಎಂದು ಬರೆದು ಕೊಡುತ್ತಾರೆಯೇ? ಶಾಲೆಯ ಟೀಚರ್ ಜೊತೆ ಮಾತಾಡುತ್ತಾರೆಯೇ? ಮನೆಯಲ್ಲಿ ಏನು ಮಾಡಬೇಕು ಎಂದು ತೋರಿಸಿಕೊಡುತ್ತಾರೆಯೇ? 'ಆರು ತಿಂಗಳಲ್ಲಿ ಪೂರ್ತಿ ಸರಿ ಮಾಡಿಕೊಡ್ತೇವೆ' ಎನ್ನುವವರ ಹತ್ತಿರ ಹೋಗಬೇಡಿ. ಡಿಸ್ಲೆಕ್ಸಿಯಾ ಜ್ವರದ ಹಾಗೆ ಬಿಟ್ಟುಹೋಗುವುದಿಲ್ಲ. ಮಗು ಅದರ ಜೊತೆಗೇ ಚೆನ್ನಾಗಿ ಓದಲು ಕಲಿಯುತ್ತದೆ.

ಎರಡಕ್ಕೂ ದುಡ್ಡು ಸಾಲದಿದ್ದರೆ ಏನು ಮಾಡುವುದು? ಟ್ಯೂಷನ್ ಬಿಡಿಸಿ. ಆ ಹಣದಲ್ಲಿ ವಾರಕ್ಕೆ ಒಂದೇ ಕ್ಲಾಸ್ ಆದರೂ ವಿಶೇಷ ಶಿಕ್ಷಕಿಯ ಹತ್ತಿರ ಕಳಿಸಿ, ಉಳಿದ ದಿನ ಅವರು ಹೇಳಿದ್ದನ್ನು ಮನೆಯಲ್ಲಿ ಹದಿನೈದು ನಿಮಿಷ ಮಾಡಿ. ದಿನಾ ಹದಿನೈದು ನಿಮಿಷ, ಭಾನುವಾರ ಎರಡು ಗಂಟೆಗಿಂತ ಎಷ್ಟೋ ಮೇಲು.

ಮನೆಯ ಹದಿನೈದು ನಿಮಿಷ

ಇದನ್ನು ಯಾವುದಕ್ಕೂ ಹೋಲಿಸಬೇಕಾಗಿಲ್ಲ, ಯಾವ ಆಯ್ಕೆಯ ಜೊತೆಗೂ ಇದು ಇರಲೇಬೇಕು. ಪಕ್ಕದಲ್ಲಿ ಕೂತು ಒಂದೇ ಪುಸ್ತಕವನ್ನು ಇಬ್ಬರೂ ಒಟ್ಟಿಗೆ ಜೋರಾಗಿ ಓದಿ. ಮಗು ನಿಂತರೆ ನೀವು ಆ ಪದ ಹೇಳಿ ಮುಂದೆ ಹೋಗಿ, 'ನಿನ್ನೆ ಹೇಳಿಕೊಟ್ಟದ್ದಲ್ವಾ' ಎನ್ನಬೇಡಿ. ಪಾಠದ ಪುಸ್ತಕವನ್ನು ನೀವೇ ಓದಿ ಹೇಳಿ, ಚರ್ಚೆ ಮಾಡಿ. ಓದು ಹಿಂದಿದೆ ಎಂದು ವಿಷಯದ ತಿಳಿವಳಿಕೆಯೂ ಹಿಂದೆ ಬೀಳಬಾರದು. ಅಮ್ಮನಿಗೆ ಓದಲು ಬರದಿದ್ದರೆ ಅಕ್ಕ, ಅಣ್ಣ, ಪುಟ ಓದಿ ಹೇಳುವ ಮೊಬೈಲ್ ಆದರೂ ಆದೀತು.

ಲೆಕ್ಕಕ್ಕೆ ಅಟ್ಟದ ಮೇಲಿನ ಚೆನ್ನೆಮಣೆ ಕೆಳಗಿಳಿಸಿ. ಅದನ್ನು ಆಡುವ ಮಳೆಗಾಲದ ಆಟಿ ತಿಂಗಳಿಗೆ ಕಾಯಬೇಕಾಗಿಲ್ಲ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಕಾಯಿ. ಒಂದೊಂದೇ ಕಾಯಿ ಬಿಡುತ್ತ ಹೋಗುವಾಗ, ಮುಂದಿನ ಗುಳಿಯಲ್ಲಿ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುವಾಗ, ಮಗು ಕೂಡಿಸುವುದನ್ನೂ ಕಳೆಯುವುದನ್ನೂ ಕೈಯಲ್ಲಿ ಮುಟ್ಟಿ ಮಾಡುತ್ತದೆ. ಸಂಖ್ಯೆಯ ಗಾತ್ರ ಮನಸ್ಸಿಗೆ ಹಿಡಿಯದ ಮಕ್ಕಳಿಗೆ ಬೇಕಾದ್ದು ಇದೇ. ಅಜ್ಜಿ ಜೊತೆಗೆ ಆಡಿದರೆ ಇನ್ನೂ ಒಳ್ಳೆಯದು.

ಒಂದು ಕಳಕಳಿಯ ಮಾತು. ಅಂಕ ಕಡಿಮೆ ಬಂತೆಂದು ಯಕ್ಷಗಾನದ ತರಗತಿ, ಕಬಡ್ಡಿ, ಚೆಂಡೆ ಬಿಡಿಸಬೇಡಿ. ದಿನವಿಡೀ ತರಗತಿಯಲ್ಲಿ ಸೋಲುವ ಮಗುವಿಗೆ 'ನನಗೂ ಒಂದು ಬರುತ್ತದೆ' ಅನಿಸುವ ಜಾಗ ಅದೊಂದೇ ಇರಬಹುದು.

ಶಾಲೆಯೊಳಗೇ ಸಿಗುವ ಸಹಾಯ

ಸರ್ಕಾರಿ ಶಾಲೆ ಅಂದರೆ ಮೂಗು ಮುರಿಯುವವರಿದ್ದಾರೆ. ಆದರೆ ಈ ವಿಷಯದಲ್ಲಿ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಒಂದು ವ್ಯವಸ್ಥೆ ಇದೆ. ಪ್ರತಿ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ, ಅಂದರೆ ಬಿಆರ್‌ಸಿಗೆ ಸೇರಿದ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಶಾಲೆಯವರು ಇವರನ್ನು ಬಿಐಇಆರ್‌ಟಿ ಎನ್ನುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೇ ಬಂದು ತಪಾಸಣೆ ಮಾಡಿ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತದೆ. ಒಂದರಿಂದ ಮೂರನೇ ತರಗತಿಯ ನಲಿಕಲಿಯಲ್ಲಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬಹುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ ನಿಧಾನವಾಗಿ ಕಲಿಯುವ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಕೊರತೆ ಏನೆಂದರೆ, ಒಬ್ಬರೇ ಸಂಪನ್ಮೂಲ ಶಿಕ್ಷಕರು ಎಷ್ಟೋ ಶಾಲೆ ಸುತ್ತಬೇಕು. ಅವರು ವಾರಕ್ಕೆ ಮೂರು ದಿನ ನಿಮ್ಮ ಮಗುವಿನ ಜೊತೆ ಕೂರುತ್ತಾರೆಂದು ಕಾಯಬೇಡಿ. ದಾರಿ ತೋರಿಸಲು, ಕಾಗದಪತ್ರ ಮಾಡಿಸಲು ಅವರೇ ಸರಿಯಾದವರು.

ಖಾಸಗಿ ಶಾಲೆಗಳಲ್ಲಿ ಒಂದೊಂದು ಕಡೆ ಒಂದೊಂದು ರೀತಿ. ಕೆಲವು ಕಡೆ ಕೌನ್ಸೆಲರ್ ಇದ್ದಾರೆ, ಪ್ರತ್ಯೇಕ ಕೋಣೆಯಲ್ಲಿ ವಿಶೇಷ ಕ್ಲಾಸ್ ನಡೆಯುತ್ತದೆ. ಕೆಲವು ಕಡೆ ಒಂಬತ್ತನೇ ತರಗತಿಗೆ ಬಂದಾಗ 'ಬೇರೆ ಕಡೆ ನೋಡಿ' ಎಂದು ಮೆಲ್ಲನೆ ಹೇಳುತ್ತಾರೆ. ಕಟ್ಟಡ, ಬಸ್ಸು, ಫಲಿತಾಂಶ ನೋಡುವ ಮೊದಲು 'ಓದಲು ಕಷ್ಟಪಡುವ ಮಕ್ಕಳಿಗೆ ಇಲ್ಲಿ ಏನು ಮಾಡುತ್ತೀರಿ' ಎಂದು ಕೇಳಿ. ಉತ್ತರ ಕೊಡುವವರು ಎಷ್ಟು ತಡವರಿಸುತ್ತಾರೆ ಎಂಬುದರಲ್ಲೇ ಗೊತ್ತಾಗುತ್ತದೆ.

ಕೇಳುವ ಹಕ್ಕು ನಿಮಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ತೊಂದರೆಯೂ ಒಂದು. ಸರ್ಕಾರದ ಮಾನ್ಯತೆ ಪಡೆದ ಶಾಲೆಗಳು ಅದನ್ನು ಬೇಗ ಗುರುತಿಸಿ ತಕ್ಕ ಕ್ರಮ ತೆಗೆದುಕೊಳ್ಳಬೇಕು ಎಂದು ಆ ಕಾಯ್ದೆಯೇ ಹೇಳುತ್ತದೆ. ಹಾಗೆಂದು ಕಾಯ್ದೆ ಹಿಡಿದು ಮೊದಲ ದಿನವೇ ಜಗಳಕ್ಕೆ ಹೋಗಬೇಡಿ. ಕ್ಲಾಸ್ ಟೀಚರ್ ಹತ್ತಿರ ನಾಲ್ಕು ಸಣ್ಣ ವಿಷಯ ಕೇಳಿಕೊಳ್ಳಿ: ಮುಂದಿನ ಬೆಂಚು, ಎಲ್ಲರ ಎದುರು ಜೋರಾಗಿ ಓದಿಸದಿರುವುದು, ಬೋರ್ಡಿನ ಟಿಪ್ಪಣಿಯ ಫೋಟೋ, ವಿಜ್ಞಾನ, ಸಮಾಜ ವಿಷಯಗಳಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯದಿರುವುದು. ಖರ್ಚಿಲ್ಲದ ಈ ನಾಲ್ಕರಿಂದ ಮಗು ಬೆಳಿಗ್ಗೆ 'ಹೊಟ್ಟೆನೋವು' ಎನ್ನುವುದು ಕಡಿಮೆಯಾದದ್ದನ್ನು ನಾನು ಕಂಡಿದ್ದೇನೆ.

ಪರೀಕ್ಷೆ ಮಾಡಿಸುವುದು ಎಲ್ಲಿ?

ಇಲ್ಲಿ ಪರೀಕ್ಷೆ ಅಂದರೆ ಮನಶ್ಶಾಸ್ತ್ರಜ್ಞರು ಮಾಡುವ ಬುದ್ಧಿಮಟ್ಟದ, ಓದು-ಬರಹ-ಲೆಕ್ಕದ ಮೌಲ್ಯಮಾಪನ. ಕಲಿಕಾ ತೊಂದರೆಯ ಮಗು, ಎಲ್ಲ ವಿಷಯದಲ್ಲೂ ನಿಧಾನವಾಗಿ ಕಲಿಯುವ ಮಗು, ಗಮನ ನಿಲ್ಲದ ಎಡಿಎಚ್‌ಡಿ ಮಗು, ಈ ಮೂವರ ಮಾರ್ಕ್ಸ್‌ಕಾರ್ಡ್ ಒಂದೇ ಥರ ಕಾಣುತ್ತದೆ. ಬೇಕಾದ ಸಹಾಯ ಮಾತ್ರ ಬೇರೆ ಬೇರೆ. ನಿಧಾನವಾಗಿ ಕಲಿಯುವ ಮಗುವಿಗೆ ಪಾಠವನ್ನೇ ಕಡಿಮೆ ಮಾಡಿ ಹೆಚ್ಚು ಸಲ ಹೇಳಿಕೊಡಬೇಕು. ಎಡಿಎಚ್‌ಡಿ ಮಗುವಿಗೆ ಡಾಕ್ಟರ ಸಲಹೆಯೂ ಬೇಕು, ಕೆಲವೊಮ್ಮೆ ಔಷಧಿಯೂ ಬೇಕು.

ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು, ಇವು ನಮ್ಮ ಜಿಲ್ಲಾ ಆಸ್ಪತ್ರೆಗಳು. ಖರ್ಚು ತೀರಾ ಕಡಿಮೆ. ಸಾಲು, ಓಡಾಟ ಜಾಸ್ತಿ. ಮಣಿಪಾಲದ ಕಸ್ತೂರ್ಬಾ, ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಮುಂತಾದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗ, ಮನೋವೈದ್ಯ ವಿಭಾಗ, ಕಿವಿ ಮತ್ತು ಮಾತಿನ ತಪಾಸಣೆ ಎಲ್ಲ ಒಂದೇ ಕಡೆ ಇರುವುದು ದೊಡ್ಡ ಅನುಕೂಲ. ಮೊದಲ ಸಲ ಹೋಗುವವರಿಗೆ ನಾನು ಸಾಮಾನ್ಯವಾಗಿ ಇಂಥ ಕಡೆಯೇ ಹೇಳುವುದು, ಯಾಕೆಂದರೆ ಕಿವಿಯದ್ದೋ, ಮಾತಿನದ್ದೋ, ಓದಿನದ್ದೋ ಎಂದು ಅಲ್ಲೇ ತೀರ್ಮಾನ ಆಗುತ್ತದೆ. ಖಾಸಗಿ ಕೌನ್ಸೆಲಿಂಗ್ ಕೇಂದ್ರಗಳಲ್ಲಿ ಬೇಗ ಸಮಯ ಸಿಗುತ್ತದೆ, ಮಗುವಿಗೂ ಗದ್ದಲ ಇಲ್ಲ. ಆದರೆ ಪರೀಕ್ಷೆ ಮಾಡುವವರ ಅರ್ಹತೆ ವಿಚಾರಿಸಿಯೇ ಹೋಗಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡೂ ಹೆಸರುವಾಸಿ. ಇಲ್ಲಿಯ ವರದಿಯಲ್ಲಿ ಗೊಂದಲ ಇದ್ದರೆ ಅಲ್ಲಿಗೆ ಹೋಗಿ. ನೇರವಾಗಿ ಅಲ್ಲಿಗೇ ಹೋಗಬೇಕಾದ ಅಗತ್ಯ ಹೆಚ್ಚಿನವರಿಗೆ ಇಲ್ಲ.

ಎಲ್ಲಿ ಹೋದರೂ, ಮಗುವನ್ನು ಯಾವ ಭಾಷೆಯಲ್ಲಿ ಪರೀಕ್ಷಿಸುತ್ತೀರಿ ಎಂದು ಕೇಳಿ. ಕನ್ನಡ ಮಾಧ್ಯಮದ ಮಗುವಿನ ಓದನ್ನು ಬರೀ ಇಂಗ್ಲಿಷಿನಲ್ಲಿ ಅಳೆದರೆ ಆ ವರದಿಗೆ ಅರ್ಥ ಇಲ್ಲ.

ವರದಿ ಬೇರೆ, ಸರ್ಟಿಫಿಕೇಟ್ ಬೇರೆ. ಕಲಿಸುವುದಕ್ಕೆ ವರದಿ ಸಾಕು. ಬೋರ್ಡ್ ಪರೀಕ್ಷೆಯ ರಿಯಾಯಿತಿಗೆ ಸರ್ಕಾರಿ ವೈದ್ಯಕೀಯ ಪ್ರಾಧಿಕಾರದ ಸರ್ಟಿಫಿಕೇಟ್ ಬೇಕು, ಅದಕ್ಕೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಚೀಟಿಯ ಸರ್ಕಾರಿ ಜಾಲತಾಣದ ಮೂಲಕ ಅರ್ಜಿ ಹಾಕಬೇಕು. ಕಲಿಕಾ ತೊಂದರೆಯ ಸರ್ಟಿಫಿಕೇಟ್ ಸಾಮಾನ್ಯವಾಗಿ 8 ವರ್ಷದ ನಂತರವೇ ಸಿಗುವುದು. ಅದಕ್ಕೆ ಮೊದಲು ಹೆಸರಿಡುವ ಅವಸರ ಬೇಡ. ಕಲಿಸಲು ಮಾತ್ರ ಕಾಯಬೇಡಿ, ಆರು ವರ್ಷದ ಮಗುವಿಗೆ ಯಾವ ಕಾಗದವೂ ಇಲ್ಲದೆ ಓದಿನ ಸಹಾಯ ಶುರು ಮಾಡಬಹುದು.

"ಸರ್ಟಿಫಿಕೇಟ್ ಮಾಡಿಸಿದರೆ ನಾಳೆ ಮದುವೆಗೆ ತೊಂದರೆ ಆಗ್ತದಾ?" ಎಂದು ಹೆಣ್ಣುಮಕ್ಕಳ ತಾಯಂದಿರು ಮೆಲ್ಲನೆ ಕೇಳುತ್ತಾರೆ. ಆ ಭಯ ನನಗೆ ಅರ್ಥ ಆಗುತ್ತದೆ. ನನ್ನ ಉತ್ತರ ಒಂದೇ: ಆ ಕಾಗದ ಇರುವುದು ನಿಮ್ಮ ಕಪಾಟಿನಲ್ಲಿ, ಯಾವಾಗ ತೋರಿಸಬೇಕು ಎಂಬುದು ನಿಮ್ಮ ಇಷ್ಟ. ಹತ್ತನೇ ತರಗತಿ ದಾಟಲಾಗದೆ ಹುಡುಗಿ ಮನೆಯಲ್ಲಿ ಕೂತರೆ ಅದು ಇಡೀ ಊರಿಗೆ ಕಾಣುತ್ತದೆ.

ಮಾಧ್ಯಮ, ಬೋರ್ಡ್ ಬದಲಾಯಿಸುವುದು

ಇಂಗ್ಲಿಷ್ ಮಾಧ್ಯಮದಿಂದ ಕನ್ನಡಕ್ಕೆ ತರುವುದು ಒಂದರಿಂದ ಮೂರನೇ ತರಗತಿಯ ಒಳಗೆ ಬಹಳ ಸಲ ಒಳ್ಳೆಯ ನಿರ್ಧಾರ. ಬರೆದ ಹಾಗೆ ಓದುವ ಲಿಪಿ, ಸುತ್ತಮುತ್ತ ಕೇಳುವ ಭಾಷೆ. ಭಾಷೆಯೇ ತೊಡಕಾಗಿದ್ದ ಮಗು ಒಂದೇ ವರ್ಷದಲ್ಲಿ ಅರಳುತ್ತದೆ. ಡಿಸ್ಲೆಕ್ಸಿಯಾ ಇದ್ದರೆ ಅದು ಕನ್ನಡಕ್ಕೂ ಜೊತೆಗೇ ಬರುತ್ತದೆ, ಓದು ನಿಧಾನ ಆಗಿಯೇ ಇರುತ್ತದೆ, ಆದರೂ ಅರ್ಥ ಮಾಡಿಕೊಳ್ಳುವ ಹೊರೆ ಕಡಿಮೆ. ಆರನೇ ತರಗತಿ ದಾಟಿದ ಮೇಲೆ ಬದಲಾಯಿಸುವುದು ನನಗೆ ಸರಿ ಕಾಣುವುದಿಲ್ಲ. ವಿಜ್ಞಾನ, ಗಣಿತದ ಪದಗಳನ್ನೆಲ್ಲ ಹೊಸದಾಗಿ ಕಲಿಯಬೇಕಾಗುತ್ತದೆ.

ಬೋರ್ಡ್ ವಿಷಯದಲ್ಲಿ 'ಸಿಬಿಎಸ್‌ಇ ಕಷ್ಟ, ಸ್ಟೇಟ್ ಸುಲಭ' ಎಂಬ ಮಾತನ್ನು ಹಾಗೇ ನಂಬಬೇಡಿ. ಸಿಬಿಎಸ್‌ಇಯಲ್ಲಿ ಹತ್ತನೇ ತರಗತಿಗೆ ಬೇಸಿಕ್ ಗಣಿತ ಎಂಬ ಹಗುರವಾದ ಆಯ್ಕೆ ಇದೆ. ಸರ್ಟಿಫಿಕೇಟ್ ಇರುವ ಮಕ್ಕಳಿಗೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಸಮಯ, ಬರೆಯಲು ಸಹಾಯಕರು, ಭಾಷೆಯಲ್ಲಿ ರಿಯಾಯಿತಿ ಇದೆ. ಎಸ್ಸೆಸ್ಸೆಲ್ಸಿಯಲ್ಲೂ ಹೆಚ್ಚುವರಿ ಸಮಯ, ಸಹಾಯಕರು, ಭಾಷೆಯ ವಿನಾಯಿತಿ ಸಿಗುತ್ತದೆ, ಮುಖ್ಯೋಪಾಧ್ಯಾಯರ ಮೂಲಕ ಮೊದಲೇ ಕೇಳಬೇಕು. ಪರೀಕ್ಷೆಗೆ ಎರಡು ತಿಂಗಳಿರುವಾಗ ಓಡಾಡಿದರೆ ಆಗುವುದಿಲ್ಲ. ಎಂಟನೇ ತರಗತಿಯಲ್ಲೇ ಕಾಗದ ತಯಾರಿರಲಿ.

ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ, ನಿಜಕ್ಕೂ ಬೇರೆ ದಾರಿ. ಹತ್ತನೇ ತರಗತಿಗೆ 14 ವರ್ಷ ತುಂಬಿರಬೇಕು. ಐದು ವಿಷಯ ಸಾಕು, ಗಣಿತ ಕಡ್ಡಾಯ ಅಲ್ಲ. ಐದು ವರ್ಷದಲ್ಲಿ ಒಂಬತ್ತು ಅವಕಾಶ, ಪಾಸಾದ ವಿಷಯ ಮತ್ತೆ ಬರೆಯಬೇಕಿಲ್ಲ. ಲೆಕ್ಕ ಏನು ಮಾಡಿದರೂ ಹತ್ತದ ಮಗುವಿಗೆ, ಕ್ರೀಡೆಯಲ್ಲೋ ಕಲೆಯಲ್ಲೋ ಮುಂದಿರುವ ಮಗುವಿಗೆ ಇದು ವರದಾನ. ಶಾಲೆಯ ಗಂಟೆ, ಗೆಳೆಯರು, ದಿನಚರಿ ಇಲ್ಲದೆ ಕೂತು ಓದಲಾಗದ ಮಗುವಿಗೆ ಅಲ್ಲ. ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಹಗಲು ಯಾರು ಜೊತೆಗಿರುತ್ತಾರೆ ಎಂದು ಮೊದಲು ಯೋಚಿಸಿ. ಮುಂದೆ ಡಿಪ್ಲೊಮಾ, ಪಿಯುಸಿಗೆ ಸೇರಿಸುವ ಯೋಚನೆ ಇದ್ದರೆ ಆ ಕೋರ್ಸಿಗೆ ಯಾವ ವಿಷಯ ಬೇಕು ಎಂದು ನೋಡಿಯೇ ಐದು ವಿಷಯ ಆರಿಸಿ.

ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸುವುದು? ಕಾಯಿಲೆಯಿಂದ ವರ್ಷ ತಪ್ಪಿದ್ದರೆ ಸರಿ. ಇಲ್ಲದಿದ್ದರೆ ಅದೇ ಪಾಠ, ಅದೇ ರೀತಿ, ಜೊತೆಗಿದ್ದ ಗೆಳೆಯರೂ ಇಲ್ಲ. ಹಾಸ್ಟೆಲಿಗೆ ಹಾಕಿದರೆ ಶಿಸ್ತು ಬರುತ್ತದೆ ಎಂಬುದೂ ಈ ಮಕ್ಕಳಿಗೆ ಹೊಂದುವ ಮಾತಲ್ಲ. ಬುದ್ಧಿಮಾಂದ್ಯ ಮಕ್ಕಳ ವಿಶೇಷ ಶಾಲೆಗಳು ನಮ್ಮಲ್ಲಿ ಒಳ್ಳೊಳ್ಳೆಯವು ಇವೆ, ಆದರೆ ಓದಿನ ತೊಂದರೆ ಮಾತ್ರ ಇರುವ ಮಗುವಿನ ಜಾಗ ಅದಲ್ಲ.

ನೆನಪಿನ ಶಕ್ತಿಯ ಸಿರಪ್, ಕಣ್ಣು ಕಟ್ಟಿ ಓದಿಸುವ ಮೆದುಳಿನ ತರಬೇತಿ, ಇವಕ್ಕೆ ಒಂದು ರೂಪಾಯಿಯೂ ಕೊಡಬೇಡಿ. ನೆನಪಿಗೆ ಒಳ್ಳೆಯದೆನ್ನುವ ತಿಮರೆ, ಅಂದರೆ ಒಂದೆಲಗದ ಚಟ್ನಿ ಊಟಕ್ಕೆ ಇರಲಿ, ಅದರಿಂದ ಒತ್ತಕ್ಷರ ಬರುವುದಿಲ್ಲ. ಅಬಾಕಸ್ ಇಷ್ಟಪಟ್ಟು ಕಲಿತರೆ ಕಲಿಯಲಿ, ಲೆಕ್ಕದ ತೊಂದರೆಗೆ ಚಿಕಿತ್ಸೆ ಎಂದು ಸೇರಿಸಬೇಡಿ.

ಹಾಗಾದರೆ ಎಲ್ಲಿಂದ ಶುರು?

ಮಗು ಒಂದು ಅಥವಾ ಎರಡನೇ ತರಗತಿಯಲ್ಲಿದ್ದರೆ: ಕಣ್ಣು, ಕಿವಿ, ಮನೆಯ ಹದಿನೈದು ನಿಮಿಷ, ಟೀಚರ್ ಜೊತೆ ಮಾತು. ಮೂರು ತಿಂಗಳಲ್ಲಿ ಏನೂ ಮುಂದುವರಿಯದಿದ್ದರೆ ವಿಶೇಷ ಶಿಕ್ಷಕಿ. ಮೂರರಿಂದ ಏಳರವರೆಗೆ: ಟ್ಯೂಷನ್ ಹುಡುಕುವ ಮೊದಲು ಮೌಲ್ಯಮಾಪನ. ಎಂಟು, ಒಂಬತ್ತರಲ್ಲಿದ್ದರೆ ಸಮಯ ಕಡಿಮೆ, ಸರ್ಟಿಫಿಕೇಟ್ ಮತ್ತು ಬೋರ್ಡ್ ವಿಷಯ ಮೊದಲು ಹಿಡಿಯಿರಿ, ಓದಿನ ಕೆಲಸ ಜೊತೆಜೊತೆಗೇ ನಡೆಯಲಿ. ಹತ್ತರಲ್ಲಿ ಇರುವವರು ಈ ವಾರವೇ ಮುಖ್ಯೋಪಾಧ್ಯಾಯರನ್ನು ಕಾಣಿ.

ಮೊದಲ ಭೇಟಿಗೆ ಹೋಗುವಾಗ ಚೀಲದಲ್ಲಿ ಇವು ಇರಲಿ: ಕಳೆದ ಎರಡು ವರ್ಷದ ಮಾರ್ಕ್ಸ್‌ಕಾರ್ಡ್, ಮಗುವೇ ಬರೆದ ತಿದ್ದದ ನೋಟ್‌ಪುಸ್ತಕ, ಕ್ಲಾಸ್ ಟೀಚರ್ ಬರೆದುಕೊಟ್ಟ ನಾಲ್ಕು ಸಾಲು, ಕಣ್ಣು ಕಿವಿಯ ತಪಾಸಣೆಯ ಚೀಟಿ, ಮಗು ಮಾತಾಡಲು, ನಡೆಯಲು ಶುರು ಮಾಡಿದ ವಯಸ್ಸು. ಮತ್ತು ಅದಕ್ಕೆ ಏನು ಚೆನ್ನಾಗಿ ಬರುತ್ತದೆ ಎಂಬುದನ್ನೂ ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ. ಡಾಕ್ಟರ ಎದುರು ಮಗುವಿನ ತಪ್ಪುಗಳನ್ನು ಹೇಳುವಾಗ ಅದು ಪಕ್ಕದಲ್ಲೇ ಕೂತು ಕೇಳುತ್ತಿರುತ್ತದೆ. ಈ ಕಾಗದವನ್ನು ಮೊದಲು ಓದಿ.